ಸಾವಿನ ಮನೆಯಲ್ಲಿ ಕುಳಿತುಕೊಳ್ಳುವುದನ್ನು ಕುರಿತು

ಸಂಪಾದಕರು ಪ್ರತಿ ಸಂಚಿಕೆಗೂ ನಮ್ಮನ್ನು ಹಿಡಿದು, "ಡಾಕ್ಟರೇ, ವಿಜ್ಞಾನದ ವಿಷಯ ಏನಾದರೂ ಬರೆದುಕೊಡಿ, ಅಡುಗೆಸೋಡದ ಬಗ್ಗೆ ಆದರೂ ಆದೀತು" ಎಂದು ಕೇಳುತ್ತ ಬಂದಿದ್ದಾರೆ. ನಾವೂ ಪ್ರತಿ ಸಲ ತಪ್ಪಿಸಿಕೊಳ್ಳುತ್ತ ಬಂದಿದ್ದೇವೆ. ಈ ಸಲ ಒಪ್ಪಿಕೊಂಡೆವು. ಆದರೆ ಬರೆಯಲು ಕುಳಿತಾಗ ಬಂದದ್ದು ಅಡುಗೆಸೋಡವಲ್ಲ, ಸಾವು. ಹಬ್ಬದ ಸುದ್ದಿ, ಕೋಸಂಬರಿ ಮಾಡುವ ವಿಧಾನ, ಮಕ್ಕಳ ಚಿತ್ರಗಳ ನಡುವೆ ಇದು ಶೋಭಿಸುವುದೇ ಎಂದು ಕೆಲವರಿಗೆ ಅನ್ನಿಸೀತು. ಶೋಭಿಸದಿದ್ದರೂ ಒಮ್ಮೆ ಬರೆಯಲೇಬೇಕಾಗಿದೆ ಎಂದು ನಮಗೆ ಅನ್ನಿಸಿದ್ದಕ್ಕೆ ಕಾರಣವಿದೆ.

ಕಳೆದ ವರ್ಷ ನಮ್ಮ ಸಂಘದ ಹಿರಿಯರೊಬ್ಬರ ಪತ್ನಿ ತೀರಿಕೊಂಡರು. ಸುದ್ದಿ ವಾಟ್ಸಾಪಿಗೆ ಬಂದ ಗಂಟೆಯೊಳಗೆ ನೂರಕ್ಕೂ ಮೇಲೆ ಸಂದೇಶಗಳು ಬಿದ್ದವು. ಎಲ್ಲವೂ ಕೈಮುಗಿದ ಚಿತ್ರಗಳು, 'ಓಂ ಶಾಂತಿ'ಗಳು. ಆ ವಾರ ಅವರ ಮನೆಗೆ ಹೋಗಿ ಬಂದವರು ಎಷ್ಟು ಮಂದಿ ಎಂದು ಆಮೇಲೆ ತಿಳಿಯಿತು: ಮೂವರು. ಅದರಲ್ಲಿ ಒಬ್ಬರು ಪಕ್ಕದ ಮನೆಯ ಗ್ರೀಕ್ ಮುದುಕರು. ನಾವು ಆ ಮೂವರಲ್ಲಿ ಇರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ನಾವೂ ಕೈಮುಗಿದ ಚಿತ್ರ ಕಳಿಸಿ ಪ್ರಯೋಗಶಾಲೆಗೆ ಹೋದವರೇ. ಮುಂದಿನ ಯುಗಾದಿ ಕೂಟಕ್ಕೆ ಆ ಹಿರಿಯರು ಬರಲಿಲ್ಲ. ಏಕೆ ಬರಲಿಲ್ಲವೆಂದು ಯಾರೂ ಗಟ್ಟಿಯಾಗಿ ಕೇಳಲೂ ಇಲ್ಲ. ಎಲ್ಲರೂ ಬೇವು ಬೆಲ್ಲ ತಿಂದು ಮನೆಗೆ ಹೋದೆವು.

ಸದಸ್ಯರಲ್ಲಿ ಬಹುಮಂದಿಗೆ ಗೊತ್ತಿರುವಂತೆ ನಾವು ಧಾರವಾಡ ಕಡೆಯ ಕ್ರೈಸ್ತರು, ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದವರು. ಬ್ರಿಸ್ಬೇನಿನಲ್ಲಿ ಓದಿ, ಪರ್ತಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಈಗ ಅಡಿಲೇಡಿಗೆ ಬಂದು ನೆಲೆಸಿದ್ದೇವೆ. ಮೂರು ಊರುಗಳಲ್ಲಿಯೂ ಮೊದಲ ಪರಿಚಯದಲ್ಲಿ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಹೌದಾ, ಕ್ರಿಶ್ಚಿಯನ್ನರಾ? ಮತ್ತೆ ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ!" ಬೇಸರವೇನಿಲ್ಲ. ನಿಘಂಟು ಮಾಡಿಕೊಟ್ಟ ಕಿಟೆಲ್ ಸಾಹೇಬರ ಕಡೆಯವರು ಎಂದು ನಕ್ಕು ಹೇಳಿ ಮುಗಿಸುತ್ತೇವೆ. ಆದರೆ ಸಾವಿನ ವಿಷಯ ಬಂದಾಗ ನಮ್ಮ ಸಭೆಯವರಿಂದ ನಾವು ಕಲಿತದ್ದು, ಕಲಿಯದೆ ಬಿಟ್ಟದ್ದು ಎರಡೂ ಉಂಟು. ಅದನ್ನು ಹಂಚಿಕೊಳ್ಳಬಹುದೆಂದು ಈ ಬರಹ. ಮತಪ್ರಚಾರಕ್ಕೆ ಹೊರಟಿದ್ದಾರೆಂದು ದಯವಿಟ್ಟು ಯಾರೂ ಭಾವಿಸಬಾರದು.

ನಮ್ಮ ಅವ್ವ ತೀರಿಕೊಂಡದ್ದು 2021ರ ಮೇ ತಿಂಗಳಿನಲ್ಲಿ, ಧಾರವಾಡದಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ. ನಾವಾಗ ಪರ್ತಿನಲ್ಲಿದ್ದೆವು. ಆಸ್ಟ್ರೇಲಿಯದ ಗಡಿ 2020ರ ಮಾರ್ಚ್ 20ರಂದೇ ಮುಚ್ಚಿತ್ತು. ಸಾಲದ್ದಕ್ಕೆ 2021ರ ಮೇ 3ರಿಂದ 15ರವರೆಗೆ ಭಾರತದಿಂದ ಬರುವ ಸ್ವಂತ ಪ್ರಜೆಗಳಿಗೂ ಒಳಗೆ ಪ್ರವೇಶವಿರಲಿಲ್ಲ, ಮೀರಿದರೆ ಐದು ವರ್ಷದವರೆಗೆ ಸೆರೆಯೆಂದು ಕಾಯಿದೆಯಾಗಿತ್ತು. ಹೋಗುವ ಪ್ರಶ್ನೆಯೇ ಏಳಲಿಲ್ಲ. ನಮ್ಮಂತೆ ಆ ತಿಂಗಳು ಫೋನಿನ ಗಾಜಿನಲ್ಲಿ ತಂದೆತಾಯಿಯರನ್ನು ಕಳುಹಿಸಿಕೊಟ್ಟ ಮನೆಗಳು ಈ ಸಂಘದಲ್ಲಿ ಇನ್ನೂ ಇವೆ. ಅವರಿಗೆ ನಾವು ಹೇಳಬೇಕಾದದ್ದೇನೂ ಇಲ್ಲ.

ಸಮಾಧಿಯ ಹೊತ್ತಿಗೆ ಚಿಕ್ಕಪ್ಪನ ಮಗ ಫೋನು ಹಿಡಿದಿದ್ದ. ಅವನ ಕೈ ನಡುಗುತ್ತಿತ್ತು. ಅಯ್ಯನವರು ಪ್ರಾರ್ಥನೆ ಮಾಡುವಾಗ ನಮಗೆ ಕಂಡದ್ದು ಗೋಡೆಯಾಚೆಯ ಮಾವಿನ ಮರ ಮಾತ್ರ. ಐದೇ ಮಂದಿ ಇದ್ದರು. ಕೇಳಿ ಬೆಳೆದ ಸಂಗೀತವನ್ನು ಐದು ಮಂದಿ ಮುಖಕವಚದೊಳಗಿನಿಂದ ಹಾಡಿದರು. ನಾವು ಪರ್ತಿನ ಅಡಿಗೆಮನೆಯಲ್ಲಿ ನಿಂತು ಜೊತೆಗೆ ಹಾಡಲು ನೋಡಿದೆವು. ಆದರೆ ಫೋನಿನಲ್ಲಿ ದನಿ ಒಂದೆರಡು ಕ್ಷಣ ಹಿಂದೆ ಬೀಳುತ್ತದೆ. ನಾವು ಒಂದು ಸಾಲು ಮುಗಿಸುವಾಗ ಅವರು ಇನ್ನೊಂದರಲ್ಲಿ. ಕೊನೆಗೆ ಸುಮ್ಮನಾದೆವು.

ಆ ವಾರ ನಮಗೆ ಸಮಾಧಾನ ಹೇಳಲು ಹಲವರು ಫೋನು ಮಾಡಿದರು. ನಮ್ಮವರೇ, ಭಕ್ತರೇ. "ದೇವರಿಗೆ ಒಂದು ಉದ್ದೇಶವಿದೆ" ಎಂದರು ಒಬ್ಬರು. "ಕರ್ತನಿಗೆ ಆಕೆ ಬೇಕಾಗಿದ್ದರು" ಎಂದರು ಇನ್ನೊಬ್ಬರು. ಮೂರನೆಯವರು, ಈ ರೋಗವೇ ಕಡೇ ದಿವಸಗಳ ಗುರುತೆಂದು ಅರ್ಧ ಗಂಟೆ ವಿವರಿಸಿದರು. ಅವರೆಲ್ಲರೂ ಒಳ್ಳೆಯವರು, ಪ್ರೀತಿಯಿಂದಲೇ ಆಡಿದ ಮಾತು. ಆದರೆ ಫೋನು ಇಟ್ಟ ಮೇಲೆ ಪ್ರತಿ ಸಲವೂ ನಾವು ಮೊದಲಿಗಿಂತ ಒಂಟಿಯಾದೆವು. ಅಷ್ಟೇ ಏಕೆ, ಸಿಟ್ಟೂ ಬಂತು. ನಮ್ಮ ಅವ್ವನ ಉಸಿರು ಕಟ್ಟಿಸುವುದರಲ್ಲಿ ಏನು ಉದ್ದೇಶ?

ಇಬ್ಬರು ಮಾತ್ರ ಬೇರೆ ರೀತಿ ಬಂದರು. ಒಬ್ಬರು ನಮ್ಮ ಬೀದಿಯ ಆಸ್ಟ್ರೇಲಿಯನ್ ಅಜ್ಜಿ. ಬಹಳ ವರ್ಷಗಳ ಹಿಂದೆ ಮಗನನ್ನು ಕಳೆದುಕೊಂಡವರು. ಬಂದವರು ಏನೂ ಹೇಳದೆ ತೊಟ್ಟಿಯಲ್ಲಿ ಬಿದ್ದಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಒಂದು ಗಂಟೆ ನಮ್ಮೊಡನೆ ಕುಳಿತು, ಎದ್ದು ಹೋದರು. ಇನ್ನೊಬ್ಬರು ಅಲ್ಲಿಯ ಕನ್ನಡ ಬಳಗದ ಮೈಸೂರಿನ ತಾಯಿ. ಸಾರು ಅನ್ನ ತಂದಿದ್ದರು. ಬಾಗಿಲಲ್ಲಿ ನಿಂತು ಸಂಕೋಚದಿಂದ, "ನಿಮ್ಮಲ್ಲಿ ಸೂತಕದ ಪದ್ಧತಿ ಹೇಗೋ ಗೊತ್ತಿಲ್ಲಪ್ಪ. ಸಾರಿಗೆ ಏನೂ ಆಗೋಲ್ಲ ಅಂತ ತಂದೆ" ಎಂದರು. ನಾಲ್ಕು ದಿನದ ಮೇಲೆ ನಾವು ಅಂದು ಹೊಟ್ಟೆ ತುಂಬ ಉಂಡೆವು. ಉಣ್ಣುತ್ತ ಅತ್ತೆವು.

ಆಮೇಲೆ ಸತ್ಯವೇದದಲ್ಲಿ ಯೋಬನ ಪುಸ್ತಕವನ್ನು ಮತ್ತೆ ತೆಗೆದೆವು. ಯೋಬ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಾಗ ಮೂವರು ಸ್ನೇಹಿತರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಎಂಟನೆಯ ದಿನ ಬಾಯಿ ತೆರೆದು ಕಾರಣಗಳನ್ನು ವಿವರಿಸಲು ತೊಡಗುತ್ತಾರೆ, ಅಲ್ಲಿಂದ ಎಲ್ಲವೂ ಕೆಡುತ್ತದೆ. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಗೊಣಗಿದ ಯೋಬನ ಮೇಲಲ್ಲ, ವಿವರಣೆ ಕೊಟ್ಟ ಸ್ನೇಹಿತರ ಮೇಲೆ. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಈ ಕಥೆ ಕೇಳಿದ್ದೇವೆ, ಬಹುಮಾನವೂ ಪಡೆದಿದ್ದೇವೆ. ಆದರೆ ಆ ಏಳು ದಿನಗಳ ಬೆಲೆ ತಿಳಿದದ್ದು ಪಾತ್ರೆ ತೊಳೆದ ಅಜ್ಜಿಯಿಂದ.

ಹಾಗೆಯೇ ಲಾಜರನ ಕಥೆ. ಅವನನ್ನು ಎಬ್ಬಿಸಲಿಕ್ಕೆಂದೇ ಬೇಥಾನ್ಯಕ್ಕೆ ಬಂದ ಯೇಸುಸ್ವಾಮಿ, ಅವನ ಅಕ್ಕತಂಗಿಯರು ಅಳುವುದನ್ನು ಕಂಡು ತಾನೂ ಅತ್ತನೆಂದು ಯೋಹಾನ ಬರೆಯುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಎದ್ದು ಬರುವವನಿಗಾಗಿ ಅಳುವುದೇಕೆ? ನಮಗೆ ತೋರುವುದು ಇಷ್ಟು: ಪುನರುತ್ಥಾನದ ನಂಬಿಕೆ ಇದ್ದವನಿಗೂ ಸಾವು ಸಾವೇ. ನಿತ್ಯಜೀವದ ನಿರೀಕ್ಷೆ ಎಂದರೆ ಅಳಬಾರದೆಂಬ ಅಪ್ಪಣೆಯಲ್ಲ. ನಮ್ಮ ಕೆಲವು ಸಭೆಗಳಲ್ಲಿ ಕಣ್ಣೀರನ್ನು ಅಪನಂಬಿಕೆಯೆಂದು ಎಣಿಸುವ ರೂಢಿ ಬೆಳೆದಿದೆ. ಅದು ಎಲ್ಲಿಂದ ಬಂತೋ ತಿಳಿಯದು, ಬೇಥಾನ್ಯದಿಂದಂತೂ ಬಂದದ್ದಲ್ಲ.

"ನೀವು ಪಿಎಚ್.ಡಿ. ಮಾಡಿದವರು, ಇದನ್ನೆಲ್ಲ ನಿಜವಾಗಿ ನಂಬುತ್ತೀರಾ?" ಎಂದು ಸಂಘದ ಸ್ನೇಹಿತರು ಕಾಫಿಯ ಹೊತ್ತಿನಲ್ಲಿ ಕೇಳಿದ್ದುಂಟು. ನಂಬುತ್ತೇವೆ. ಪ್ರಯೋಗಶಾಲೆಯಲ್ಲಿ ಸಾಧಿಸಿ ತೋರಿಸುವ ಸಂಗತಿ ಇದಲ್ಲವೆಂದೂ ಬಲ್ಲೆವು. ನಮ್ಮ ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳುತ್ತ, ದೇಹದ ಇಂಗಾಲ, ಸಾರಜನಕಗಳ ಒಂದು ಪರಮಾಣುವೂ ನಾಶವಾಗುವುದಿಲ್ಲ, ಎಲ್ಲವೂ ಪ್ರಕೃತಿಗೆ ಹಿಂದಿರುಗುತ್ತದೆ ಎಂದರು. ರಸಾಯನಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಆದರೆ ನಮಗೆ ಬೇಕಾಗಿದ್ದದ್ದು ಪರಮಾಣುಗಳಲ್ಲ, ಭಾನುವಾರ ಸಂಜೆ ಫೋನು ಮಾಡಿದರೆ "ಉಂಡಿ ಏನು?" ಎಂದು ಕೇಳುವ ಅವ್ವ. ಕ್ರೈಸ್ತ ನಿರೀಕ್ಷೆಯ ವಿಶೇಷ ಇಷ್ಟೇ: ಅದು ಪರಮಾಣುಗಳ ಬಗ್ಗೆ ಮಾತಾಡುವುದಿಲ್ಲ, ಆ ವ್ಯಕ್ತಿಯ ಬಗ್ಗೆ ಮಾತಾಡುತ್ತದೆ, ಹೆಸರು ಹಿಡಿದು. ಅದು ನಿಜವೋ ಅಲ್ಲವೋ ಎಂಬುದನ್ನು ಪ್ರತಿಯೊಬ್ಬರೂ ತಾವೇ ತೀರ್ಮಾನಿಸಿಕೊಳ್ಳಬೇಕಾದದ್ದು. ಇರಲಿ.

ಇನ್ನು 'ಉದ್ದೇಶ'ದ ಮಾತು. ಸಾವಿಗೆ ಉದ್ದೇಶ ಹುಡುಕುವುದು ಬೇರೆ, ಸಾವಿನ ನಂತರದ ಬದುಕಿಗೆ ಉದ್ದೇಶ ಕಂಡುಕೊಳ್ಳುವುದು ಬೇರೆ. ಈ ಎರಡನ್ನು ನಾವು ಸದಾ ಕಲಸುತ್ತೇವೆ. ಇದರ ವ್ಯತ್ಯಾಸವನ್ನು ನಮಗೆ ತೋರಿಸಿಕೊಟ್ಟವರು ಕ್ವೀನ್ಸ್‌ಲ್ಯಾಂಡಿನ ಒಬ್ಬ ಹೆಂಗಸು.

ಬ್ರಿಸ್ಬೇನಿನಿಂದ ಉತ್ತರಕ್ಕೆ ರೈಲಿನಲ್ಲಿ ಹೋದರೆ ಪಾಮ್‌ವುಡ್ಸ್ ಎಂಬ ಸಣ್ಣ ಊರು ಸಿಗುತ್ತದೆ. ಗ್ರಹಾಂ ಸ್ಟೇನ್ಸ್ 1941ರಲ್ಲಿ ಹುಟ್ಟಿದ್ದು ಅಲ್ಲಿ. 1965ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನ ಸುಮಾರಿಗೆ, ಒರಿಸ್ಸಾದ ಮಯೂರ್‌ಭಂಜ್ ಜಿಲ್ಲೆಯ ಬಾರಿಪದಕ್ಕೆ ಹೋಗಿ ಅಲ್ಲಿಯ ಕುಷ್ಠರೋಗಿಗಳ ಆಶ್ರಮದ ಕೆಲಸಕ್ಕೆ ಸೇರಿದರು. ಒಡಿಯಾ ಕಲಿತರು, ಸಂತಾಲಿ ಕಲಿತರು. ಬ್ರಿಸ್ಬೇನಿಗೆ ಹತ್ತಿರದ ಇಪ್ಸ್‌ವಿಚ್ ಊರಿನ ಗ್ಲಾಡಿಸ್ ಎಂಬ ನರ್ಸು ಅಲ್ಲಿಗೆ ಸೇವೆಗೆಂದು ಬಂದರು, 1983ರಲ್ಲಿ ಇಬ್ಬರಿಗೂ ಮದುವೆಯಾಯಿತು. ಮೂವರು ಮಕ್ಕಳು: ಎಸ್ತರ್, ಫಿಲಿಪ್, ತಿಮೊಥಿ.

1999ರ ಜನವರಿ 22ರ ರಾತ್ರಿ ಗ್ರಹಾಂ ಇಬ್ಬರು ಗಂಡುಮಕ್ಕಳೊಡನೆ ಕಿಯೋಂಜರ್ ಜಿಲ್ಲೆಯ ಮನೋಹರಪುರದಲ್ಲಿ ತಮ್ಮ ವಾಹನದೊಳಗೆ ಮಲಗಿದ್ದರು. ಚಳಿಯೆಂದು ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದರು. ಮಧ್ಯರಾತ್ರಿಯ ನಂತರ ಒಂದು ಗುಂಪು ಬಂದು ವಾಹನಕ್ಕೆ ಬೆಂಕಿ ಹಚ್ಚಿತು. ಮೂವರೂ ಸತ್ತರು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ನಮ್ಮ ಮನೆಯ ಚಿಕ್ಕವನಿಗೆ ಈಗ 6. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆವು.

ಹುಡುಗಿಯ ಜೊತೆ ಉಳಿದ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಇದು ಎಲ್ಲ ಪತ್ರಿಕೆಗಳಲ್ಲಿ ಬಂತು, ಎಲ್ಲರಿಗೂ ಗೊತ್ತು. ಅಂತ್ಯಕ್ರಿಯೆಯಲ್ಲಿ ತಾಯಿಮಗಳು ಹಾಡಿದ್ದೂ ಎಲ್ಲರಿಗೂ ಗೊತ್ತು. ನಮ್ಮ ಸಭೆಗಳಲ್ಲಿ ಉಪದೇಶಕರು ಇಷ್ಟನ್ನೇ ಹೇಳಿ, ಕಣ್ಣೊರೆಸಿಕೊಂಡು, ಆಮೆನ್ ಅನ್ನುತ್ತಾರೆ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಐದು ವರ್ಷ. ಆಕೆ ಕ್ವೀನ್ಸ್‌ಲ್ಯಾಂಡಿಗೆ ತಕ್ಷಣ ಮರಳಲಿಲ್ಲ. ಬಾರಿಪದದಲ್ಲಿಯೇ ನಿಂತು ಅದೇ ಆಶ್ರಮವನ್ನು ನಡೆಸಿದರು. ಗಾಯ ತೊಳೆಯುವುದು, ಕಟ್ಟು ಕಟ್ಟುವುದು, ಲೆಕ್ಕ ಬರೆಯುವುದು, ಮಗಳನ್ನು ಓದಿಸುವುದು. 2004ರಲ್ಲಿ ಗಂಡನ ನೆನಪಿನ ಆಸ್ಪತ್ರೆ ಅಲ್ಲಿ ತೆರೆದ ಮೇಲೆ, ಅದೇ ವರ್ಷ ಆಸ್ಟ್ರೇಲಿಯಕ್ಕೆ ಹಿಂದಿರುಗಿದರು. 2005ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. ಕೊಲೆಯ ಮೊಕದ್ದಮೆ ತನ್ನ ದಾರಿಯಲ್ಲಿ ನಡೆಯಿತು: 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆ, 2005ರಲ್ಲಿ ಹೈಕೋರ್ಟಿನಲ್ಲಿ ಅದು ಜೀವಾವಧಿಗೆ ಇಳಿಯಿತು, 2011ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನೇ ಎತ್ತಿಹಿಡಿಯಿತು. ಕ್ಷಮೆಯೇ ಬೇರೆ, ಕಾನೂನೇ ಬೇರೆ ಎಂಬ ಅರ್ಥದ ಮಾತನ್ನು ಗ್ಲಾಡಿಸ್ ಆಡಿದ್ದಾರೆ. ಕ್ಷಮೆ ಎಂದರೆ ಅಪರಾಧವನ್ನು ಮರೆಮಾಚುವುದು ಎಂದು ಅಪಾರ್ಥ ಮಾಡುವವರು ಇದನ್ನು ಗಮನಿಸಬೇಕು.

ಆ ಮೂವರ ಸಾವಿಗೆ ಒಂದು ಉದ್ದೇಶವಿತ್ತೆಂದು, ಆಸ್ಪತ್ರೆ ಕಟ್ಟಲಿಕ್ಕೆಂದೇ ದೇವರು ಹಾಗೆ ಮಾಡಿದನೆಂದು ಯಾರಾದರೂ ಹೇಳಿದರೆ ನಾವು ಎದ್ದು ಹೊರಗೆ ಹೋಗುತ್ತೇವೆ. ಆರು ವರ್ಷದ ಮಗುವನ್ನು ಸುಟ್ಟು ಆಸ್ಪತ್ರೆ ಕಟ್ಟಿಸುವ ದೇವರಲ್ಲ ನಮ್ಮ ದೇವರು. ಉದ್ದೇಶ ಇದ್ದದ್ದು ಮಾರನೆಯ ದಿನದ ಕೆಲಸದಲ್ಲಿ. ಆಶ್ರಮದ ರೋಗಿಗಳ ಗಾಯ ಆ ಬೆಳಿಗ್ಗೆಯೂ ಸೋರುತ್ತಿತ್ತು, ಯಾರಾದರೂ ತೊಳೆಯಬೇಕಾಗಿತ್ತು.

ಕಿಟೆಲ್ ಸಾಹೇಬರ ವಿಷಯವೂ ಇದೇ ಜಾತಿಯದು ಎಂದು ಕೆಲವೊಮ್ಮೆ ಅನ್ನಿಸುತ್ತದೆ. 1853ರಲ್ಲಿ ಬಂದವರು, 1860ರ ದಶಕದಲ್ಲಿ ಪತ್ನಿ ಪೌಲಿನಾರನ್ನು ಈ ದೇಶದ ಮಣ್ಣಿಗೆ ಕೊಟ್ಟು, ಮತ್ತೆ ಶಬ್ದಗಳ ಕಡೆಗೆ ತಿರುಗಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. ಅವರ ಎದೆಯಲ್ಲಿ ಏನಿತ್ತೋ ನಾವು ಹೇಳಲಾರೆವು, ನಿಘಂಟು ಮಾತ್ರ ನಮ್ಮ ಕಪಾಟಿನಲ್ಲಿದೆ.

ಈಗ ಸಂಪಾದಕರ ಮಾನ ಉಳಿಸಲು ಸ್ವಲ್ಪ ರಸಾಯನಶಾಸ್ತ್ರ.

ನಮ್ಮ ಸಂಘದ ಒಂದು ಮನೆಯಲ್ಲಿ ಊರಿನಿಂದ ಬಂದು ನೆಲೆಸಿದ್ದ ತಂದೆಯವರಿಗೆ ಕ್ಯಾನ್ಸರ್ ಆಯಿತು. ನೋವು ಹೆಚ್ಚಾದಾಗ ವೈದ್ಯರು ಮಾರ್ಫೀನ್ ಕೊಡುತ್ತೇವೆಂದರು. ಮಗ ಬೇಡವೆಂದ. "ಮಾರ್ಫೀನ್ ಕೊಟ್ಟರೆ ಮುಗಿಯಿತು ಅಂತಲೇ ಲೆಕ್ಕ, ಮೇಲಾಗಿ ಚಟ ಹತ್ತುತ್ತೆ" ಎಂದು ಅವನ ಅಂಜಿಕೆ. ತಂದೆಯವರೂ ಹಲ್ಲು ಕಚ್ಚಿ ಎರಡು ವಾರ ನರಳಿದರು. ಈ ಮನೆ ಕ್ರೈಸ್ತರದಲ್ಲ. ಆದರೆ ನಮ್ಮವರಲ್ಲಿಯೂ ಇದೇ ತಪ್ಪು ಇನ್ನೊಂದು ವೇಷದಲ್ಲಿದೆ: ಸ್ವಾಮಿ ಶಿಲುಬೆಯ ಮೇಲೆ ಅನುಭವಿಸಿದ, ನಾವೂ ಅನುಭವಿಸಬೇಕು ಎಂದು.

ಮಾರ್ಫೀನ್ ಎಂದರೆ ಅಫೀಮಿನ ಸಾರ. ನಮ್ಮ ಗಸಗಸೆ ಪಾಯಸದ ಗಸಗಸೆ ಬಿಡುವ ಗಿಡವೇ ಅದರ ಮೂಲ. (ಪಾಯಸ ಉಂಡವರಿಗೆ ನಿದ್ದೆ ಬರುವುದು ಮುಖ್ಯವಾಗಿ ಉಂಡ ಪ್ರಮಾಣದಿಂದ ಎಂದು ನಮ್ಮ ಅಭಿಪ್ರಾಯ.) ಔಷಧಿಗಾಗಿ ಈ ಗಿಡ ಬೆಳೆಯುವ ಮುಖ್ಯ ಸ್ಥಳಗಳಲ್ಲಿ ಟಾಸ್ಮೇನಿಯವೂ ಒಂದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಎಂಬ ಯುವಕ ಅದನ್ನು ಅಫೀಮಿನಿಂದ ಬೇರ್ಪಡಿಸಿದ. ದೇಹದಲ್ಲಿ ಅದರ ಅರ್ಧ ಪಾಲು ಎರಡು ಮೂರು ಗಂಟೆಯಲ್ಲಿ ಖರ್ಚಾಗಿಬಿಡುತ್ತದೆ, ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬಂದ ಮೇಲೆ ಕೊಡುತ್ತ ಹೋದರೆ ರೋಗಿಯ ದಿನವೆಲ್ಲ ನೋವನ್ನು ಕಾಯುವುದರಲ್ಲೇ ಕಳೆಯುತ್ತದೆ. ನೋವು ಬರುವ ಮೊದಲೇ, ಗಡಿಯಾರ ನೋಡಿ, ಹೊತ್ತುಹೊತ್ತಿಗೆ, ಅಳತೆ ನೋಡಿ ಕೊಟ್ಟರೆ ರೋಗಿ ಎಚ್ಚರದಿಂದಿದ್ದು ಮಾತಾಡಬಲ್ಲ, ಮೊಮ್ಮಗಳ ಜೊತೆ ಚೌಕಾಬಾರ ಆಡಬಲ್ಲ. ವೈದ್ಯರ ಅಂಕೆಯಲ್ಲಿ ಹೀಗೆ ನೋವಿಗೆ ತೆಗೆದುಕೊಳ್ಳುವವರಿಗೆ ಚಟ ಹತ್ತುವುದು ಅಪರೂಪ. ಈಗ ಹನ್ನೆರಡು ಗಂಟೆಗೊಮ್ಮೆ ನುಂಗುವ, ನಿಧಾನವಾಗಿ ಕರಗುವ ಮಾತ್ರೆಗಳೂ ಇವೆ.

ಹೊತ್ತುಹೊತ್ತಿಗೆ ಕೊಡುವ ಈ ಕ್ರಮವನ್ನು ಲೋಕಕ್ಕೆ ಒಪ್ಪಿಸಿದವರು ಇಂಗ್ಲೆಂಡಿನ ಸಿಸೆಲಿ ಸಾಂಡರ್ಸ್. ನರ್ಸಾಗಿ, ಸಮಾಜಸೇವಕಿಯಾಗಿ, ಆಮೇಲೆ ವೈದ್ಯಶಾಸ್ತ್ರ ಓದಿ ಡಾಕ್ಟರಾದವರು, ಆಳವಾದ ಕ್ರೈಸ್ತ ಭಕ್ತೆ. ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದಿ ರೋಗಿ 1948ರಲ್ಲಿ ಸಾಯುವಾಗ, ಆಕೆ ಮುಂದೆ ಕಟ್ಟಲಿರುವ ಮನೆಗೆ ಒಂದು ಕಿಟಕಿ ಇರಲೆಂದು 500 ಪೌಂಡು ಬಿಟ್ಟುಹೋದ. ಕಿಟಕಿಯ ಸುತ್ತ ಮನೆ ಕಟ್ಟಲು ಹತ್ತೊಂಬತ್ತು ವರ್ಷ ಹಿಡಿಯಿತು: ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ತೆರೆದದ್ದು 1967ರಲ್ಲಿ. ಸಾಯುವವನ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಮನೆಮಂದಿಯದು, ಆತ್ಮದ್ದು ಎಲ್ಲ ಸೇರಿ ಒಂದು ಮೊತ್ತ ಎಂದು ಆಕೆ ಕಲಿಸಿದರು. 2005ರಲ್ಲಿ ಆ ಮನೆಯಲ್ಲಿಯೇ ತೀರಿಕೊಂಡರು. ಶಿಲುಬೆಯನ್ನು ನಂಬಿದ ಹೆಂಗಸೇ ನೋವು ಕಳೆಯಲು ಆಯುಷ್ಯ ಸವೆಸಿದರೆಂಬುದನ್ನು ಹಲ್ಲು ಕಚ್ಚುವ ನಮ್ಮವರು ನೆನೆಯಲಿ.

ಅಡಿಲೇಡಿನಲ್ಲಿ ಕ್ಯಾಲ್ವರಿ ಆಸ್ಪತ್ರೆಯನ್ನು 1900ರಲ್ಲಿ ಆರಂಭಿಸಿದ ಸನ್ಯಾಸಿನಿಯರ ಪಂಗಡವನ್ನು ಮೇರಿ ಪಾಟರ್ 1877ರಲ್ಲಿ ಕಟ್ಟಿದ್ದೇ ಸಾಯುತ್ತಿರುವವರಿಗಾಗಿ ಪ್ರಾರ್ಥಿಸಲಿಕ್ಕೆ. ಪರ್ತಿನಲ್ಲಿ 1905ರಷ್ಟು ಹಳೆಯ ಸಿಲ್ವರ್ ಚೈನ್ ಸಂಸ್ಥೆಯ ನರ್ಸುಗಳು ಮನೆಗೇ ಬರುತ್ತಾರೆ. ಬ್ರಿಸ್ಬೇನಿನಲ್ಲಿ ಬೌದ್ಧರು 1992ರಲ್ಲಿ ಆರಂಭಿಸಿದ ಸೇವೆಯ ಹೆಸರು 'ಕರುಣಾ'. ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುವ ಮನೆಯ ಹೆಸರು 'ಕರುಣಾಶ್ರಯ'. ಹೆಸರುಗಳು ಇಷ್ಟು ಹತ್ತಿರವಾದದ್ದನ್ನು ಕಂಡು ನಮಗೆ ಸಂತೋಷವಾಯಿತು. ಸಾಯುವವರ ಪಕ್ಕದಲ್ಲಿ ಕೂರುವುದು ಯಾವ ಒಂದು ಮತದ ಸ್ವತ್ತೂ ಅಲ್ಲ.

ಇಲ್ಲಿ ಒಂದು ಮಾತು ಬಿಡುವಂತಿಲ್ಲ. ವೈದ್ಯರ ನೆರವಿನಿಂದ ತಾವೇ ಸಾವನ್ನು ಆರಿಸಿಕೊಳ್ಳುವ ಕಾಯಿದೆ ಪಶ್ಚಿಮ ಆಸ್ಟ್ರೇಲಿಯದಲ್ಲಿ 2021ರ ಜುಲೈ 1ರಿಂದ, ಕ್ವೀನ್ಸ್‌ಲ್ಯಾಂಡಿನಲ್ಲಿ 2023ರ ಜನವರಿ 1ರಿಂದ, ದಕ್ಷಿಣ ಆಸ್ಟ್ರೇಲಿಯದಲ್ಲಿ ಅದೇ ಜನವರಿ 31ರಿಂದ ಜಾರಿಯಲ್ಲಿದೆ. ನಾವು ಅದನ್ನು ಒಪ್ಪುವವರಲ್ಲ. ಒಪ್ಪುವವರು ಕ್ರೂರಿಗಳೆಂದೂ ತಿಳಿದಿಲ್ಲ. ಆದರೆ ಯಾರಾದರೂ ಮುದುಕರು 'ಸಾಕು' ಎಂದಾಗ ನಾವು ಮೊದಲು ಕೇಳಬೇಕಾದದ್ದು, ನೋವಿಗೆ ಸರಿಯಾಗಿ ಔಷಧಿ ಸಿಕ್ಕಿದೆಯೇ, ಪಕ್ಕದಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು. ಎರಡನೆಯದನ್ನು ಯಾವ ಆಸ್ಪತ್ರೆಯೂ ಪೂರ್ತಿಯಾಗಿ ಕೊಡಲಾರದು.

ಏಕೆಂದರೆ ಈ ಚಳಿಗಾಲದಲ್ಲಿ ಹೀಗಾಯಿತು. ಇಲ್ಲಿಯ ಒಂದು ಆಸ್ಪತ್ರೆಯಿಂದ ನಮ್ಮ ಚರ್ಚಿನ ಅಯ್ಯನವರಿಗೆ ಫೋನು ಬಂತು: ಭಾರತದ ಕ್ರೈಸ್ತ ಅಜ್ಜಿಯೊಬ್ಬರು, ಎಂಬತ್ತು ದಾಟಿದವರು, ಕೊನೆಯ ದಿನಗಳು, ಮಗ ವಿಮಾನದಲ್ಲಿದ್ದಾನೆ, ಆಕೆ ಇಂಗ್ಲಿಷು ಪೂರ್ತಿ ಮರೆತಿದ್ದಾರೆ, ಏನೋ ಒಂದೇ ಶಬ್ದ ಹೇಳುತ್ತ ಕೈ ಆಡಿಸುತ್ತಾರೆ, ಭ್ರಮೆಯೆಂದು ಕಾಣುತ್ತದೆ. ಅಯ್ಯನವರು ನಮಗೆ ತಿಳಿಸಿದರು. ನಾವಿಬ್ಬರೂ ಹೋದೆವು. ನಲವತ್ತು ವರ್ಷ ಈ ದೇಶದಲ್ಲಿ ಶಾಲೆಯಲ್ಲಿ ಪಾಠ ಹೇಳಿದ ಅಜ್ಜಿ ಹೇಳುತ್ತಿದ್ದ ಶಬ್ದ 'ಸೆರಗು'. ಆಸ್ಪತ್ರೆಯ ಅಂಗಿ ಭುಜದಿಂದ ಜಾರಿತ್ತು. ಗಂಡಸು ನರ್ಸುಗಳ ಮುಂದೆ ಎದೆಯ ಮೇಲೆ ಸೆರಗಿಲ್ಲವೆಂದು ಆಕೆ ಎರಡು ದಿನದಿಂದ ಬೇಡುತ್ತಿದ್ದರು. ನಮ್ಮ ಮನೆಯವರು ತಮ್ಮ ಹೆಗಲ ಮೇಲಿದ್ದ ದುಪ್ಪಟಿಯನ್ನು ತೆಗೆದು ಎಡ ಭುಜದ ಮೇಲಿಂದ ಹೊದಿಸಿ, ಅಂಚನ್ನು ಕೈಗೆ ಕೊಟ್ಟರು. ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ನೋಡಿ, "ಯಾರ ಮಗಳವ್ವಾ ನೀನು?" ಎಂದರು. ನಮ್ಮ ಮನೆಯವರು ತಮ್ಮ ತಂದೆಯ ಹೆಸರನ್ನೂ ಊರನ್ನೂ ಹೇಳಿದರು. ಅಜ್ಜಿ ತೃಪ್ತಿಯಿಂದ ತಲೆಯಾಡಿಸಿದರು. ಆ ರಾತ್ರಿ ನಾವು ಹಳೆಯ ಸಂಗೀತಗಳನ್ನು ಮೆಲ್ಲಗೆ ಹಾಡಿದೆವು. ಫೋನಿನಲ್ಲಲ್ಲ, ಪಕ್ಕದಲ್ಲಿ ಕುಳಿತು. ಆಕೆಯ ತುಟಿ ನಮ್ಮೊಡನೆ ಅದೇ ಸಾಲಿನಲ್ಲಿ ಆಡಿತು. ಮಗ ಬೆಳಿಗ್ಗೆ ಬಂದಿಳಿದ, ತಾಯಿಯನ್ನು ಜೀವಸಹಿತ ಕಂಡ.

ದೂರವಾಣಿಯಲ್ಲಿ ದುಭಾಷಿಗಳ ಸರ್ಕಾರಿ ಸೇವೆ ಇದೆ, 131 450. ಅದನ್ನು ಎಲ್ಲರೂ ಬರೆದಿಟ್ಟುಕೊಳ್ಳಬೇಕು. ಆದರೆ ದುಭಾಷಿ ಸೆರಗು ಹೊದಿಸಲಾರರು.

ನಮ್ಮ ಮಕ್ಕಳಿಗೆ ಕನ್ನಡ ಏಕೆ ಕಲಿಸಬೇಕೆಂದು ಪ್ರತಿ ವಾರ್ಷಿಕ ಸಭೆಯಲ್ಲಿ ಚರ್ಚೆಯಾಗುತ್ತದೆ. ಸಂಸ್ಕೃತಿ, ಪರಂಪರೆ, ಎಂಟು ಜ್ಞಾನಪೀಠ ಎಂದೆಲ್ಲ ಹೇಳಿಕೊಳ್ಳುತ್ತೇವೆ. ಎಲ್ಲವೂ ಸರಿ. ಆದರೆ ನಾವೂ ಒಂದು ದಿನ ಇಂಗ್ಲಿಷು ಮರೆಯುತ್ತೇವೆ. ಕೊನೆಗಾಲದಲ್ಲಿ ಹಲವರಿಗೆ ಉಳಿಯುವುದು ಮೊದಲು ಕಲಿತ ಮಾತೇ. ಆಗ "ನೀರು" ಎಂದರೆ ತಿಳಿಯುವವರು ಯಾರು?

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮದೊಂದು ಅರಿಕೆ. ಯಾವ ಮತದವರ ಮನೆಯೇ ಆಗಲಿ, ಕರೆದಾಗ ಹೋಗಿ ಕೂರಲು ಒಪ್ಪುವವರ ಒಂದು ಪಟ್ಟಿ ಆಗಬೇಕು. ಮಾತಾಡಲಿಕ್ಕಲ್ಲ, ಕೂರಲಿಕ್ಕೆ, ಪಾತ್ರೆ ತೊಳೆಯಲಿಕ್ಕೆ, ವಿಮಾನ ನಿಲ್ದಾಣಕ್ಕೆ ಹೋಗಲಿಕ್ಕೆ. ಹಿರಿಯರು ತಮ್ಮ ಇಷ್ಟವನ್ನು ಮೊದಲೇ ಬರೆದಿಡುವ ಪತ್ರಕ್ಕೆ ಇಲ್ಲಿ ಅಡ್ವಾನ್ಸ್ ಕೇರ್ ಡೈರೆಕ್ಟಿವ್ ಎನ್ನುತ್ತಾರೆ, ಪರ್ತ್, ಬ್ರಿಸ್ಬೇನುಗಳಲ್ಲಿ ಅಡ್ವಾನ್ಸ್ ಹೆಲ್ತ್ ಡೈರೆಕ್ಟಿವ್. ಅದನ್ನು ತುಂಬಿಸಲು ಒಂದು ಭಾನುವಾರ ಎಲ್ಲರೂ ಕೂಡಿದರೆ ಒಳ್ಳೆಯದು. ದಹನವೋ ಸಮಾಧಿಯೋ, ಮಾರ್ಫೀನ್ ಬೇಕೋ ಬೇಡವೋ, ಯಾವ ಹಾಡು, ಎಲ್ಲವನ್ನೂ ಬದುಕಿರುವಾಗಲೇ ಹೇಳಿಬಿಡಬಹುದು. ಅಪಶಕುನ ಎನ್ನುವವರಿಗೆ ಒಂದು ಸಂಗತಿ: ಆಸ್ಟ್ರೇಲಿಯದ ಮೊದಲ ಶವದಹನ ಮಂದಿರ ತೆರೆದದ್ದು ನಮ್ಮ ವೆಸ್ಟ್ ಟೆರೇಸಿನ ಸ್ಮಶಾನದಲ್ಲಿ, 1903ರಲ್ಲಿ. ಅಲ್ಲಿ ಮೊದಲು ದಹನವಾದ ದೇಹ ಭಾರತದಿಂದ ಬಂದಿದ್ದ ಒಬ್ಬರದು. ನಮಗಿಂತ ಬಹಳ ಮೊದಲೇ ನಮ್ಮವರು ಇಲ್ಲಿ ಸತ್ತಿದ್ದಾರೆ, ಅವರ ಪಕ್ಕದಲ್ಲಿ ಯಾರು ಕುಳಿತಿದ್ದರೋ.

ಪತ್ನಿಯನ್ನು ಕಳೆದುಕೊಂಡ ಆ ಹಿರಿಯರ ಮನೆಗೆ ನಾವು ಹೋದ ತಿಂಗಳು ಹೋದೆವು, ಒಂದು ವರ್ಷ ತಡವಾಗಿ. ಕ್ಷಮೆ ಕೇಳಿದೆವು. ಅವರು ಏನೂ ಅನ್ನಲಿಲ್ಲ, ಎದ್ದು ಹೋಗಿ ಕಾಫಿ ಮಾಡಿ ತಂದರು. ಪತ್ನಿ ಮಾಡುತ್ತಿದ್ದ ಅಳತೆ ಇನ್ನೂ ಕೈಗೆ ಹತ್ತಿಲ್ಲವೆಂದು, ಡಿಕಾಕ್ಷನ್ ಸ್ವಲ್ಪ ಹೆಚ್ಚಾಗಿದೆಯೆಂದು ಹೇಳಿದರು. ಹೆಚ್ಚಾಗಿಯೇ ಇತ್ತು. ಎರಡು ಲೋಟ ಕುಡಿದೆವು.

ಮುಂದಿನ ಕೂಟದಲ್ಲಿ ಪಟ್ಟಿಯ ಪುಸ್ತಕ ಊಟದ ಮೇಜಿನ ಪಕ್ಕದಲ್ಲಿರುತ್ತದೆ. ಮೊದಲ ಎರಡು ಹೆಸರು ನಮ್ಮವು, ಮೂರನೆಯದು ಆ ಹಿರಿಯರದು. ಪೆನ್ನಿಗೆ ದಾರ ಕಟ್ಟಿಟ್ಟಿರುತ್ತೇವೆ, ಹೋದ ಸಲ ಮೂರು ಪೆನ್ನು ಯಾರ ಜೇಬಿಗೋ ಹೋದವು.